ಕಣ್ಣಿನ ಇಂಜೆಕ್ಷನ್ ಫಲ ಕೊಡುತ್ತಾ, ಮೊದಲೇ ಹೇಳಬಹುದಾ?

ಮೊಬೈಲಿನಲ್ಲಿ ಈಚೆಗೆ ಎರಡು ಬಗೆಯ ಸುದ್ದಿಗಳು ಮೇಲಿಂದ ಮೇಲೆ ಬರುತ್ತಿವೆ. ಶುಗರ್ ಇದ್ದವರ ಕಣ್ಣಿನ ಒಂದು ಫೋಟೊ ಸಾಕು, ಒಳಗೆ ಕಾಯಿಲೆ ಶುರುವಾಗಿದೆಯೋ ಇಲ್ಲವೋ ಎಐ ಹೇಳಿಬಿಡುತ್ತದೆ ಎಂಬುದು ಒಂದು. ಕಣ್ಣಿನ ಸ್ಕ್ಯಾನ್ ನೋಡಿ, ಕೊಡಲಿರುವ ಇಂಜೆಕ್ಷನ್ ಫಲಿಸುತ್ತದೋ ಇಲ್ಲವೋ ಅದನ್ನೂ ಮೊದಲೇ ಹೇಳುತ್ತದೆ ಎಂಬುದು ಇನ್ನೊಂದು. ಓದಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಒಂದೇ ಅಲ್ಲ. ಮೊದಲನೆಯದು ಬಹುಮಟ್ಟಿಗೆ ಆಗಿರುವ ಕೆಲಸ. ಎರಡನೆಯದು ಇನ್ನೂ ಪರೀಕ್ಷೆಯ ಹಂತದಲ್ಲಿದೆ.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ನಷ್ಟ ರೋಗಿಗೇ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾವ ಊರಿನ ಕಣ್ಣಾಸ್ಪತ್ರೆಯೇ ಆಗಲಿ, ಹೊರಗಿನ ಬೆಂಚಿನ ಮೇಲೆ ಕೂತವರ ಪ್ರಶ್ನೆ ಒಂದೇ: "ಎಷ್ಟು ಸೂಜಿ ಹಾಕಿಸ್ಬೇಕ್ರೀ ಸರ್? ಹಾಕಿಸಿದ್ರ ಕಾಣ್ತದೇನ್ರೀ?" ಇದಕ್ಕೆ ನೇರ ಉತ್ತರ ಕೊಡುವುದು ವೈದ್ಯರಿಗೂ ಕಷ್ಟ. ಯಂತ್ರ ಉತ್ತರ ಕೊಡುತ್ತದೆ ಎಂದಾಗ ಆಸೆ ಹುಟ್ಟುವುದು ಸಹಜ. ಆದರೆ ಆ ಉತ್ತರ ಎಲ್ಲಿಂದ ಬರುತ್ತದೆ, ಯಾರ ಕಣ್ಣುಗಳನ್ನು ನೋಡಿ ಕಲಿತದ್ದು, ಉತ್ತರ "ಇಲ್ಲ" ಎಂದು ಬಂದರೆ ಏನಾಗುತ್ತದೆ, ಇವನ್ನೂ ಕೇಳಬೇಕು ಅಲ್ವಾ?

ಕಣ್ಣಿನೊಳಗೆ ಆಗುವುದೇನು

ಕಣ್ಣಿನ ಹಿಂಭಾಗದಲ್ಲಿ ಒಂದು ತೆಳು ಪರದೆ ಇದೆ. ಅದೇ ರೆಟಿನಾ. ನಾವು ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿನವರ ಮುಖ ಗುರುತಿಸುವುದು ಎಲ್ಲವೂ ಈ ಪರದೆಯ ನಟ್ಟನಡುವಿನ ಚಿಕ್ಕ ಜಾಗದಿಂದ. ಅದರ ಹೆಸರು ಮ್ಯಾಕುಲಾ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪರದೆಯ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಕೆಲವು ನಾಳಗಳು ಮುಚ್ಚಿಹೋಗುತ್ತವೆ. ರಕ್ತ ಸಿಗದ ಜಾಗ ಸುಮ್ಮನಿರುವುದಿಲ್ಲ, ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಹೊಸ ರಕ್ತನಾಳ ಬೆಳೆಸಿ ಎಂದು ದೇಹಕ್ಕೆ ಕೊಡುವ ಸೂಚನೆ ಅದು. ಇದರಿಂದ ಎರಡು ತೊಂದರೆ. ಮೊದಲೇ ಸಡಿಲವಾಗಿದ್ದ ನಾಳಗಳು ಇನ್ನಷ್ಟು ಸೋರಿ ಮ್ಯಾಕುಲಾದಲ್ಲಿ ನೀರು ತುಂಬುತ್ತದೆ, ಬಾವು ಬರುತ್ತದೆ. ಇನ್ನು, ಬೆಳೆಯಬಾರದ ಕಡೆ ಬೆಳೆದ ಹೊಸ ನಾಳಗಳು ಗಟ್ಟಿ ಇರುವುದಿಲ್ಲ. ಯಾವಾಗ ಬೇಕಾದರೂ ಒಡೆದು ಕಣ್ಣೊಳಗೆ ರಕ್ತ ಇಳಿಯಬಹುದು.

ಕಣ್ಣಿಗೆ ಹಾಕುವ ಇಂಜೆಕ್ಷನ್ ಈ ವಿಇಜಿಎಫನ್ನು ಹಿಡಿದು ಕಟ್ಟಿಹಾಕುತ್ತದೆ. ಆಗ ಸೋರುವುದು ಕಡಿಮೆಯಾಗುತ್ತದೆ, ಬಾವು ಇಳಿಯುತ್ತದೆ. ಔಷಧಿಯ ಬಲ ಕೆಲವು ವಾರಗಳಲ್ಲಿ ಇಳಿಯುವುದರಿಂದ ಮತ್ತೆ ಹಾಕಬೇಕಾಗುತ್ತದೆ. ಇದು ಒಂದೇ ಸಲದ ಪೊರೆ ಆಪರೇಶನ್ ಇದ್ದಂತಲ್ಲ. ಜನರಿಗೆ ಜಾಸ್ತಿ ಗೊಂದಲ ಆಗುವುದೂ ಇಲ್ಲೇ. ಪೊರೆ ತೆಗೆಸಿಕೊಂಡವರು ಮಾರನೇ ದಿನವೇ ಪಟ್ಟಿ ಬಿಚ್ಚಿ "ಕಾಣ್ತದ" ಎನ್ನುತ್ತಾರೆ. ಶುಗರ್ ಕಣ್ಣಿನವರು ಒಂದು ಇಂಜೆಕ್ಷನ್ ಆದ ವಾರಕ್ಕೆ "ಏನೂ ಫರಕ್ ಇಲ್ರೀ" ಎಂದು ಕೈಬಿಡುತ್ತಾರೆ.

ಎಷ್ಟು ಜನರ ಮಾತಿದು? ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. 40 ವರ್ಷ ದಾಟಿದ ಶುಗರ್ ರೋಗಿಗಳ ಕಣ್ಣು ನೋಡಿದ ಸ್ಮಾರ್ಟ್ ಇಂಡಿಯಾ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ 100ಕ್ಕೆ ಸುಮಾರು 12 ಮಂದಿಗೆ ಪರದೆಯ ಕಾಯಿಲೆ ಇತ್ತು. ದೃಷ್ಟಿಗೇ ಕುತ್ತು ತರುವ ಹಂತ ಮುಟ್ಟಿದವರು 100ಕ್ಕೆ 4. ಕೋಟಿಗಳಿಗೆ ಗುಣಿಸಿದರೆ ಇದು ಸಣ್ಣ ಸಂಖ್ಯೆಯಲ್ಲ.

ಸ್ಕ್ಯಾನ್ ಹಾಳೆಯನ್ನು ಹತ್ತಿರದಿಂದ ನೋಡಿದರೆ

ಫಲದ ಮಾತೆಲ್ಲ ಒಂದು ಹಾಳೆಯ ಸುತ್ತ ತಿರುಗುತ್ತದೆ. ಅದು ಓಸಿಟಿ ಸ್ಕ್ಯಾನಿನ ಪ್ರಿಂಟು. ಅಮೆರಿಕದ ಎಂಐಟಿಯಲ್ಲಿ 1991ರಲ್ಲಿ ರೂಪುಗೊಂಡ ಈ ತಂತ್ರ, ಬೆಳಕು ಹಾಯಿಸಿ ಪರದೆಯ ಅಡ್ಡಸೀಳಿನ ಚಿತ್ರ ಕೊಡುತ್ತದೆ. ಈರುಳ್ಳಿ ಕೊಯ್ದರೆ ಪದರಗಳು ಕಾಣುತ್ತವಲ್ಲ, ಹಾಗೆ. ಚುಚ್ಚುವುದಿಲ್ಲ, ನೋವಿಲ್ಲ. ಗದ್ದ ಇಟ್ಟು ಒಂದು ಚುಕ್ಕೆಯನ್ನೇ ನೋಡುತ್ತಾ ಕೂತರೆ ಆಯಿತು.

ಆರೋಗ್ಯವಾದ ಕಣ್ಣಿನ ಚಿತ್ರದಲ್ಲಿ ಪದರಗಳು ಒಂದರ ಮೇಲೊಂದು ಸಾಲಾಗಿ ಹೋಗುತ್ತವೆ, ನಡುವೆ ಸಣ್ಣ ತಗ್ಗು. ಅಲ್ಲಿನ ದಪ್ಪ ಸುಮಾರು 250ರಿಂದ 270 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಯಂತ್ರ ಬದಲಾದರೆ ಈ ಅಂಕಿಯೂ ತುಸು ಬದಲಾಗುತ್ತದೆ. ಬಾವು ಬಂದ ಕಣ್ಣಿನಲ್ಲಿ ಆ ತಗ್ಗು ಇರುವುದಿಲ್ಲ, ಅಲ್ಲಿ ದಿಬ್ಬ ಎದ್ದಿರುತ್ತದೆ. ಒಳಗೆ ಕಪ್ಪು ಗುಳ್ಳೆಗಳು. ಅವೇ ನೀರು ತುಂಬಿದ ಜಾಗ. ದಪ್ಪ 400, 500 ಮೈಕ್ರಾನ್ ಆಗಿರಬಹುದು.

ಅನುಭವ ಇರುವ ವೈದ್ಯರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಪರದೆಯ ಒಳಪದರಗಳ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತಿವೆಯೇ, ಒಂದಕ್ಕೊಂದು ಕಲಸಿಹೋಗಿವೆಯೇ? ಬೆಳಕು ಹಿಡಿಯುವ ಕೋಶಗಳ ಸಾಲನ್ನು ತೋರಿಸುವ ಬಿಳಿ ಗೆರೆ ತುಂಡಾಗಿದೆಯೇ? ಅಲ್ಲಲ್ಲಿ ಹೊಳೆಯುವ ಚುಕ್ಕೆಗಳಿವೆಯೇ? ಕಣ್ಣೊಳಗೆ ತುಂಬಿರುವ ಲೋಳೆಯು ರೆಟಿನಾ ಪರದೆಯನ್ನು ಮೇಲಿನಿಂದ ಎಳೆಯುತ್ತಿದೆಯೇ? ಇವೆಲ್ಲ ಮುಂದಿನ ದೃಷ್ಟಿಯ ಬಗ್ಗೆ ಸುಳಿವು ಕೊಡುತ್ತವೆ. ಒಳಪದರಗಳು ಕಲಸಿಹೋದ ಕಣ್ಣಿನಲ್ಲಿ ನೀರು ಇಳಿದರೂ ದೃಷ್ಟಿ ಅಷ್ಟಾಗಿ ಮರಳುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ನೀರು ನಿಂತು ಬೇರು ಕೊಳೆತ ಮೇಲೆ ಗದ್ದೆಯ ನೀರು ಬಸಿದರೆ ಪೈರು ಮೊದಲಿನಂತಾಗುತ್ತದೆಯೇ? ಹಾಗೇ ಇದೂ.

ಮೂರು ಔಷಧಿ, ಒಂದು ದೊಡ್ಡ ಹೋಲಿಕೆ

ಬಳಕೆಯಲ್ಲಿರುವ ಮುಖ್ಯ ಔಷಧಿಗಳು ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್ ಮತ್ತು ಅಫ್ಲಿಬರ್ಸೆಪ್ಟ್. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಾರಿಸಿಮ್ಯಾಬ್ ಈಚಿನದು. ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರ್ ಔಷಧಿ. ಅದರ ಒಂದು ಬಾಟಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ, ಕಣ್ಣಿಗೆ ಬೇಕಾಗುವುದು ಬರೀ 1.25 ಮಿಲಿಗ್ರಾಂ. ಒಂದು ಬಾಟಲಿಯನ್ನು ಹಲವು ಸಿರಿಂಜುಗಳಿಗೆ ಹಂಚುವುದರಿಂದ ಬೆಲೆ ತೀರಾ ಇಳಿಯುತ್ತದೆ. ಹಂಚುವಾಗ ಶುಚಿ ತಪ್ಪಿದರೆ ಸೋಂಕಿನ ಭಯವೂ ಉಂಟು.

ಮೊದಲ ಮೂರನ್ನೂ ಎದುರುಬದುರು ನಿಲ್ಲಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹೆಸರು ಪ್ರೋಟೊಕಾಲ್ ಟಿ, ಭಾಗವಹಿಸಿದವರು 660 ಮಂದಿ. ಆಗ ಅಲ್ಲಿ ಒಂದು ಡೋಸಿನ ಬೆಲೆ ಅಫ್ಲಿಬರ್ಸೆಪ್ಟಿಗೆ ಸುಮಾರು 1,950 ಡಾಲರ್, ಬೆವಾಸಿಜುಮ್ಯಾಬಿಗೆ ಸುಮಾರು 50 ಡಾಲರ್. ದೃಷ್ಟಿ ಸ್ವಲ್ಪವೇ ಮಂಜಾಗಿದ್ದವರಲ್ಲಿ ಮೂರೂ ಔಷಧಿಯ ಫಲ ಒಂದು ವರ್ಷಕ್ಕೆ ಹೆಚ್ಚುಕಡಿಮೆ ಒಂದೇ. ಕಣ್ಣು ಪರೀಕ್ಷೆಯ ಅಕ್ಷರದ ಚಾರ್ಟಿನಲ್ಲಿ ಸರಾಸರಿ 8 ಅಕ್ಷರ ಜಾಸ್ತಿ ಓದಿದರು. ದೃಷ್ಟಿ ಜಾಸ್ತಿ ಕೆಟ್ಟಿದ್ದವರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಅಫ್ಲಿಬರ್ಸೆಪ್ಟ್ ಪಡೆದವರು ಸುಮಾರು 19 ಅಕ್ಷರ ಗಳಿಸಿದರೆ, ರಾನಿಬಿಜುಮ್ಯಾಬಿನವರು 14, ಬೆವಾಸಿಜುಮ್ಯಾಬಿನವರು ಸುಮಾರು 12.

ಅಂದರೆ ಎಐ ಈ ಕೆಲಸಕ್ಕೆ ಬರುವ ಮೊದಲೇ ಒಂದು ಭವಿಷ್ಯ ನುಡಿಯುವ ಸಾಧನ ನಮ್ಮ ಕೈಯಲ್ಲಿತ್ತು. ಅದು ಗೋಡೆಯ ಮೇಲಿನ ಅಕ್ಷರದ ಚಾರ್ಟು. ಶುರುವಿನಲ್ಲಿ ಎಷ್ಟು ಕಾಣುತ್ತದೆ ಎಂಬುದೇ ಯಾವ ಔಷಧಿ ಎಂಬುದಕ್ಕೆ ದಾರಿ ತೋರಿಸುತ್ತದೆ. ಇದನ್ನು ಯಾರೂ ಸುದ್ದಿ ಮಾಡುವುದಿಲ್ಲ, ಚಾರ್ಟಿನಲ್ಲಿ ಹೊಸದೇನಿದೆ!

2022ರಲ್ಲಿ ಇನ್ನೊಂದು ಅಧ್ಯಯನ ಬಂತು. ಮೊದಲು ಅಗ್ಗದ ಬೆವಾಸಿಜುಮ್ಯಾಬ್ ಕೊಟ್ಟು, ಸಾಲದಿದ್ದರೆ ಅಫ್ಲಿಬರ್ಸೆಪ್ಟಿಗೆ ಬದಲಾಯಿಸಿದರೆ ಹೇಗೆ ಎಂಬುದು ಪ್ರಶ್ನೆ. ಎರಡು ವರ್ಷದ ಕೊನೆಗೆ ಮೊದಲಿಂದಲೇ ದುಬಾರಿ ಔಷಧಿ ಪಡೆದವರಿಗೂ ಇವರಿಗೂ ದೃಷ್ಟಿಯಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಆದರೆ ಬೆವಾಸಿಜುಮ್ಯಾಬಿನಿಂದ ಶುರು ಮಾಡಿದ 100 ಕಣ್ಣುಗಳಲ್ಲಿ 70ಕ್ಕೆ ನಡುವೆ ಔಷಧಿ ಬದಲಿಸಬೇಕಾಯಿತು. ನಮ್ಮಂಥ ಕಡೆ ಈ ಕ್ರಮ ಜೇಬಿಗೆ ಹಿತ. ಒಂದೇ ಷರತ್ತು, ಬದಲಿಸಬೇಕಾದ ಹೊತ್ತಿಗೆ ರೋಗಿ ವೈದ್ಯರ ಎದುರು ಇರಬೇಕು.

ಮೂರು ಇಂಜೆಕ್ಷನ್ ಆದ ಮೇಲಿನ ವಾದ

ಯಾವ ಕಣ್ಣಿಗೆ ಫಲ ಸಿಗುತ್ತದೆ ಎಂದು ಬೇಗ ತಿಳಿಯುವ ಆಸೆ ವೈದ್ಯರಿಗೂ ಹಳೆಯದೇ. ಮೊದಲ ಮೂರು ತಿಂಗಳು ನೋಡಿದರೆ ಸಾಕೇ? ಇಲ್ಲಿ ತಜ್ಞರಲ್ಲೇ ಎರಡು ಪಕ್ಷಗಳಿವೆ.

ಒಂದು ಪಕ್ಷ 2016ರ ಒಂದು ವಿಶ್ಲೇಷಣೆಯನ್ನು ಮುಂದಿಡುತ್ತದೆ. ಮೂರು ತಿಂಗಳ ಇಂಜೆಕ್ಷನ್ ಬಳಿಕ 5 ಅಕ್ಷರಕ್ಕಿಂತ ಕಡಿಮೆ ಗಳಿಸಿದ ಕಣ್ಣುಗಳು 100ಕ್ಕೆ ಸುಮಾರು 40. ಮೂರು ವರ್ಷ ಕಾದರೂ ಆ ಗುಂಪಿನ ಸರಾಸರಿ ಗಳಿಕೆ 3 ಅಕ್ಷರ ಮಾತ್ರ. ಮೂರೇ ತಿಂಗಳಲ್ಲಿ 10 ಅಕ್ಷರ ಅಥವಾ ಅದಕ್ಕಿಂತ ಜಾಸ್ತಿ ಗಳಿಸಿದವರು ಮೂರು ವರ್ಷದ ನಂತರವೂ ಸುಮಾರು 14 ಅಕ್ಷರದಷ್ಟು ಮುಂದಿದ್ದರು. ಹಾಗಾಗಿ ಮೂರು ತಿಂಗಳಲ್ಲಿ ಫಲ ಕಾಣದಿದ್ದರೆ ಬೇರೆ ದಾರಿ ಹಿಡಿಯಿರಿ, ಉರಿಯೂತ ಇಳಿಸುವ ಸ್ಟೀರಾಯ್ಡ್ ಔಷಧಿ ನೋಡಿ ಎನ್ನುತ್ತದೆ ಈ ಪಕ್ಷ.

ಇನ್ನೊಂದು ಪಕ್ಷ ಅವಸರ ಬೇಡ ಎನ್ನುತ್ತದೆ. ಪ್ರೋಟೊಕಾಲ್ ಟಿಯ ದಾಖಲೆಗಳನ್ನೇ ಮತ್ತೆ ಬಿಡಿಸಿ ನೋಡಿದಾಗ, ಮೂರು ತಿಂಗಳಲ್ಲಿ ನಿಧಾನವಾಗಿದ್ದ ಸಾಕಷ್ಟು ಕಣ್ಣುಗಳು ಇಂಜೆಕ್ಷನ್ ಮುಂದುವರಿಸಿದ್ದಕ್ಕೆ ಎರಡು ವರ್ಷದ ಹೊತ್ತಿಗೆ ಒಳ್ಳೆಯ ಮಟ್ಟ ಮುಟ್ಟಿದ್ದವು. ಆರು ತಿಂಗಳಾದರೂ ಬಾವು ಪೂರ್ತಿ ಇಳಿಯದ ಕಣ್ಣುಗಳೂ ಕಡಿಮೆ ಇರಲಿಲ್ಲ. ಅಫ್ಲಿಬರ್ಸೆಪ್ಟಿನಲ್ಲಿ 100ಕ್ಕೆ ಸುಮಾರು 32, ಬೆವಾಸಿಜುಮ್ಯಾಬಿನಲ್ಲಿ ಸುಮಾರು 66. ಹಾಗಂತ ಅವೆಲ್ಲ ದೃಷ್ಟಿ ಕಳೆದುಕೊಳ್ಳಲಿಲ್ಲ.

ಸರಾಸರಿ ಬೇರೆ, ಒಬ್ಬೊಬ್ಬರ ಕಣ್ಣು ಬೇರೆ. "ಈ ಗುಂಪಿಗೆ ಫಲ ಕಡಿಮೆ" ಎನ್ನುವ ಮಾತು ನಿಜವಿರಬಹುದು. ಅದೇ ಗುಂಪಿನ ಒಬ್ಬರಿಗೆ ಆರನೇ ಇಂಜೆಕ್ಷನ್ ಬಳಿಕ ಬಸ್ಸಿನ ಬೋರ್ಡು ಓದಲು ಬರಬಹುದು. ಎರಡನೆಯ ಪಕ್ಷದ ವಾದವೇ ನಮ್ಮ ಭಾಗದ ರೋಗಿಗಳಿಗೆ ಜಾಸ್ತಿ ಸಲ್ಲುತ್ತದೆ. ಇಲ್ಲಿ ಮೂರು ತಿಂಗಳಲ್ಲಿ ಮೂರು ಇಂಜೆಕ್ಷನ್ ಬಿದ್ದಿರುವುದೇ ಅನುಮಾನ. ಎರಡು ಬಿದ್ದು ಮೂರನೆಯದು ತಪ್ಪಿದ ಕಣ್ಣನ್ನು "ಔಷಧಿಗೆ ಬಗ್ಗಲಿಲ್ಲ" ಅನ್ನುವುದು ಹೇಗೆ?

‘ಫಲ’ ಅಂದರೆ ಯಾವುದು?

ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಸುದ್ದಿಗಳು ಎಡವುವುದು ಇಲ್ಲೇ. ಸ್ಕ್ಯಾನಿನಲ್ಲಿ ದಪ್ಪ ಇಳಿದರೆ ಅದು ಫಲವೋ, ಚಾರ್ಟಿನಲ್ಲಿ ಅಕ್ಷರ ಜಾಸ್ತಿ ಕಂಡರೆ ಫಲವೋ? ಎರಡೂ ಯಾವಾಗಲೂ ಜೊತೆಗೆ ಹೋಗುವುದಿಲ್ಲ. ಬಾವು ಇಳಿದು, ಕೋಶಗಳು ಆಗಲೇ ಸತ್ತಿದ್ದರೆ ದೃಷ್ಟಿ ಬರುವುದಿಲ್ಲ. ಇನ್ನು, ಶುರುವಿನಲ್ಲೇ ಚೆನ್ನಾಗಿ ಕಾಣುತ್ತಿದ್ದವರಿಗೆ 15 ಅಕ್ಷರ ಏರಲು ಚಾರ್ಟಿನಲ್ಲಿ ಜಾಗವೇ ಇರುವುದಿಲ್ಲ. ಲೆಕ್ಕದಲ್ಲಿ ಅವರು "ಕಡಿಮೆ ಫಲ" ಸಾಲಿಗೆ ಬೀಳುತ್ತಾರೆ, ನಿಜದಲ್ಲಿ ಅವರೇ ಎಲ್ಲರಿಗಿಂತ ಚೆನ್ನಾಗಿ ನೋಡುತ್ತಿರುತ್ತಾರೆ. ಎಐ ಇಷ್ಟು ಪರ್ಸೆಂಟ್ ಸರಿಯಾಗಿ ಹೇಳಿತು ಎಂಬ ಸುದ್ದಿ ಓದಿದಾಗ, ಯಾವುದನ್ನು ಸರಿಯಾಗಿ ಹೇಳಿತು ಎಂದು ಹುಡುಕಿ. ಬಹಳ ಸಲ ಅದು ಬರೀ ದಪ್ಪದ ಲೆಕ್ಕ.

ಎಐ ಮಾಡುವುದು ಏನನ್ನು

ಕಾಯಿಲೆ ಗುರುತಿಸುವ ಎಐ ನಿಜಕ್ಕೂ ಮುಂದೆ ಹೋಗಿದೆ. ಗೂಗಲ್ ತಂಡ 2016ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಭಾರತದ ಕಣ್ಣಾಸ್ಪತ್ರೆಗಳ ಫೋಟೊಗಳೂ ಇದ್ದವು. 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ವೈದ್ಯರ ನೆರವಿಲ್ಲದೆಯೇ ಶುಗರ್ ಕಣ್ಣನ್ನು ಗುರುತಿಸುವ ಒಂದು ಸಾಧನಕ್ಕೆ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಕಂಪನಿಗಳೇ ಕೈಯಲ್ಲಿ ಹಿಡಿಯುವಂಥ ಕ್ಯಾಮೆರಾಗಳನ್ನು, ಫೋಟೊ ಓದುವ ಎಐಯನ್ನು ತಯಾರಿಸಿವೆ. ಈ ಕೆಲಸ ಸುಲಭವಾದದ್ದಕ್ಕೆ ಕಾರಣ ಇದೆ. ಉತ್ತರ ಆ ಫೋಟೊದಲ್ಲೇ ಇರುತ್ತದೆ. ರಕ್ತದ ಚುಕ್ಕೆ ಇದೆ ಅಥವಾ ಇಲ್ಲ.

ಚಿಕಿತ್ಸೆಯ ಫಲ ಹೇಳುವುದು ಹಾಗಲ್ಲ. ಉತ್ತರ ಇನ್ನೂ ಹುಟ್ಟಿಲ್ಲ. ಅದು ಮುಂದಿನ ಆರು ತಿಂಗಳಲ್ಲಿ ಆಗಬೇಕಾದದ್ದು. ಯಾವ ಔಷಧಿ ಹಾಕಿದರು, ಎಷ್ಟು ಸಲ, ನಡುವೆ ಶುಗರ್ ಎಷ್ಟಿತ್ತು, ಬಿಪಿ ಎಷ್ಟಿತ್ತು ಎಲ್ಲವೂ ಅದರಲ್ಲಿ ಸೇರುತ್ತದೆ. ಮೊದಲ ಸ್ಕ್ಯಾನಿನಲ್ಲಿ ಇವು ಯಾವುವೂ ಇಲ್ಲ. ಮಳೆಗಾಲದ ಆರಂಭದಲ್ಲಿ ಹೊಲದ ಫೋಟೊ ನೋಡಿ ಸುಗ್ಗಿಯ ಇಳುವರಿ ಹೇಳಿದಂತೆ. ಮಣ್ಣಿನ ಗುಣ ಕಾಣಬಹುದು, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದು ಕಾಣುವುದಿಲ್ಲ.

ಸ್ಕ್ಯಾನ್ ನೋಡಿ ಫಲ ಊಹಿಸುವ ಎಐ ಪ್ರಯೋಗಗಳಲ್ಲಿ ಹೆಚ್ಚಿನವು ಹಳೆಯ ದಾಖಲೆಗಳನ್ನು ಹಿಡಿದು, ಒಂದೆರಡು ಆಸ್ಪತ್ರೆಗಳ ರೋಗಿಗಳ ಮೇಲೆ ನಡೆದಂಥವು. ಬೇರೆ ಕಂಪನಿಯ ಯಂತ್ರದ ಚಿತ್ರ ಕೊಟ್ಟರೆ ಅವುಗಳ ನಿಖರತೆ ಇಳಿಯಬಹುದು. ದಪ್ಪದ ಅಂಕಿಯೇ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ ಎಂದು ಆಗಲೇ ನೋಡಿದೆವಲ್ಲ.

ಈಗ ಒಂದು ಲೆಕ್ಕ ಹಾಕೋಣ. ಇದು ನಿಜವಾದ ಯಾವ ಸಾಧನದ್ದೂ ಅಲ್ಲ, ತಿಳಿಯಲಿ ಎಂದು ಮಾತ್ರ. 100 ಮಂದಿ ರೋಗಿಗಳು. ಅವರಲ್ಲಿ 60 ಮಂದಿಗೆ ಇಂಜೆಕ್ಷನ್ ಚೆನ್ನಾಗಿ ಫಲಿಸುತ್ತದೆ, 40 ಮಂದಿಗೆ ನಿಧಾನ. ಎರಡೂ ಗುಂಪಿನಲ್ಲಿ 100ಕ್ಕೆ 80ರಷ್ಟು ಸರಿ ಹೇಳುವ ಎಐ ಬಂತು ಅಂತಿಟ್ಟುಕೊಳ್ಳಿ. 40ರಲ್ಲಿ 32 ಮಂದಿಯನ್ನು ಅದು ಸರಿಯಾಗಿ "ನಿಧಾನ" ಎನ್ನುತ್ತದೆ. ಜೊತೆಗೆ ಫಲ ಸಿಗಬೇಕಾಗಿದ್ದ 60ರಲ್ಲಿ 12 ಮಂದಿಗೂ ಅದೇ ಹಣೆಪಟ್ಟಿ ಹಚ್ಚುತ್ತದೆ. ಒಟ್ಟು 44 ಮಂದಿಗೆ "ಫಲ ಕಡಿಮೆ" ಎಂಬ ಚೀಟಿ. ಅವರಲ್ಲಿ 12 ಮಂದಿಯ ಚೀಟಿ ತಪ್ಪು, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ. ಸುದ್ದಿಯಲ್ಲಿ "80 ಪರ್ಸೆಂಟ್ ನಿಖರ" ಎಂದು ಬರುತ್ತದೆ. ಆ 12 ಮಂದಿ ಸುದ್ದಿಯಲ್ಲಿ ಇರುವುದಿಲ್ಲ.

ನಾಟಿ, ಕೊಯ್ಲು ಮತ್ತು ತಪ್ಪಿದ ತಾರೀಖು

ಅಧ್ಯಯನಗಳಲ್ಲಿ ಒಳ್ಳೆಯ ಫಲ ಕಂಡದ್ದು ಹೇಗೆ? ಪ್ರೋಟೊಕಾಲ್ ಟಿಯಲ್ಲಿ ಮೊದಲ ವರ್ಷ ರೋಗಿಗಳು ಪಡೆದ ಇಂಜೆಕ್ಷನ್ 9ರಿಂದ 10. ನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆಗೆ ಬರುತ್ತಿದ್ದರು, ಬರದಿದ್ದರೆ ವಿಚಾರಿಸುವವರಿದ್ದರು. ಅಧ್ಯಯನದ ಹೊರಗೆ, ಅಮೆರಿಕದಲ್ಲೇ ದಿನನಿತ್ಯದ ಚಿಕಿತ್ಸೆಯ ದಾಖಲೆ ನೋಡಿದಾಗ ಇಂಜೆಕ್ಷನ್‌ಗಳೂ ಕಡಿಮೆ, ಗಳಿಸಿದ ಅಕ್ಷರಗಳೂ ಕಡಿಮೆ. ಅಲ್ಲೇ ಹೀಗಾದರೆ ಇಲ್ಲಿ?

ಸಿಂಧನೂರಿನ ಕಡೆಯ, ಭತ್ತ ಬೆಳೆಯುವ ಒಬ್ಬ ರೈತರನ್ನು ಊಹಿಸಿಕೊಳ್ಳಿ. ವಯಸ್ಸು 58, ಶುಗರ್ 12 ವರ್ಷದಿಂದ. ಮೇ ತಿಂಗಳಲ್ಲಿ ಬಲಗಣ್ಣಿನಲ್ಲಿ ಬಾವು ಗೊತ್ತಾಗುತ್ತದೆ. ಮೊದಲ ಇಂಜೆಕ್ಷನ್ ಆಗುತ್ತದೆ. ಎರಡನೆಯದು ಜೂನ್‌ನಲ್ಲಿ, ಅದೂ ಆಗುತ್ತದೆ. ಮೂರನೆಯ ತಾರೀಖು ಜುಲೈ ಕೊನೆಗೆ ಬೀಳುತ್ತದೆ. ಅಷ್ಟರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಿರುತ್ತದೆ. ಸಸಿ ಮಡಿ ಸಿದ್ಧ, ನಾಟಿಗೆ ಆಳು ಸಿಕ್ಕ ದಿನವೇ ಕೆಲಸ. ಕಣ್ಣಿನ ತಾರೀಖು "ನಾಟಿ ಮುಗೀಲಿ" ಎಂದು ಮುಂದೆ ಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಬಂದಾಗ ಬಾವು ಮೊದಲಿನಷ್ಟೇ ಇರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲು, ಮತ್ತೊಂದು ತಾರೀಖು ಹೋಯಿತು.

ಒಬ್ಬರೇ ಬರುವ ಹಾಗೂ ಇಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜು. ರಾಯಚೂರಿನ ಬಿಸಿಲಿಗೆ ಹೊರಗೆ ಬಂದರೆ ಕಣ್ಣು ಬಿಡಲಾಗದು, ಬೈಕ್ ಓಡಿಸುವ ಮಾತಂತೂ ಇಲ್ಲ. ಹಾಗಾಗಿ ಜೊತೆಗೆ ಮಗನೋ ಅಳಿಯನೋ ಬರಬೇಕು. ಒಂದು ಇಂಜೆಕ್ಷನ್ನಿಗೆ ಇಬ್ಬರ ದಿನಗೂಲಿ ಹೋಗುತ್ತದೆ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವವರಿಗೆ, ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗೆ ರಜೆ ಎಂದರೆ ಸಂಬಳ ಕಟ್. ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ ಹೋಗುವುದಾದರೆ ಇನ್ನೂ ಒಂದು ದಿನ ಸೇರುತ್ತದೆ.

ಈ ರೈತರ ಕಣ್ಣಿನ ದಾಖಲೆಯನ್ನು ಎಐ ಹೇಗೆ ಓದುತ್ತದೆ? ಎರಡು ದಾರಿ, ಎರಡೂ ತೊಂದರೆಯವೇ. ಕಲಿಸುವಾಗ ತಾರೀಖು ತಪ್ಪಿಸಿದವರ ದಾಖಲೆ "ಅಪೂರ್ಣ" ಎಂದು ತೆಗೆದುಹಾಕಿದರೆ, ಯಂತ್ರ ಕಲಿಯುವುದು ತಪ್ಪದೆ ಬಂದವರಿಂದ ಮಾತ್ರ. ಆಗ ಈ ರೈತರಂಥವರಿಗೆ ಅದರ ಊಹೆ ಹೊಂದುವುದಿಲ್ಲ, "ಒಳ್ಳೆಯ ಫಲ" ಎಂದು ಆಸೆ ತೋರಿಸಿ ಸುಳ್ಳಾಗುತ್ತದೆ. ದಾಖಲೆ ಇಟ್ಟುಕೊಂಡು, ಎಷ್ಟು ಇಂಜೆಕ್ಷನ್ ಬಿದ್ದಿದೆ ಎಂಬುದನ್ನು ಕಲಿಸದಿದ್ದರೆ, ಔಷಧಿ ಸಾಲದೆ ಉಳಿದ ಬಾವನ್ನು ಅದು ಔಷಧಿಗೆ ಬಗ್ಗದ ಬಾವು ಎಂದು ತಿಳಿಯುತ್ತದೆ. ನಾಟಿ ಹಂಗಾಮು ಕಣ್ಣಿನ ಗುಣವಾಗಿಬಿಡುತ್ತದೆ.

ನನ್ನ ಲೆಕ್ಕದಲ್ಲಿ ಈ ಇಡೀ ಚರ್ಚೆಯ ತಿರುಳು ಇದೇ. ನಮ್ಮ ಕಡೆ ಊಹಿಸಬೇಕಾದದ್ದು ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕಿಂತ, ರೋಗಿ ಮುಂದಿನ ತಾರೀಖಿಗೆ ಬರುತ್ತಾರೋ ಇಲ್ಲವೋ ಎಂಬುದನ್ನು. ಅದಕ್ಕೆ ದೊಡ್ಡ ಎಐ ಬೇಕಿಲ್ಲ. ಊರು ಎಷ್ಟು ದೂರ, ಜೊತೆಗೆ ಯಾರು ಬರುತ್ತಾರೆ, ಮುಂದಿನ ತಿಂಗಳು ಹೊಲದಲ್ಲಿ ಏನು ಕೆಲಸ ಎಂದು ಮೊದಲ ದಿನವೇ ಕೇಳಿ ಬರೆದುಕೊಂಡರೆ ಅರ್ಧ ಉತ್ತರ ಸಿಕ್ಕಿತು. ತಾರೀಖನ್ನು ನಾಟಿಗೆ ಮೊದಲೋ ನಂತರವೋ ಹೊಂದಿಸಬಹುದು, ಎರಡು ದಿನ ಮುಂಚೆ ಒಂದು ಫೋನ್ ಮಾಡಬಹುದು.

ಬರುವ ಖಾತ್ರಿ ಇಲ್ಲದಿದ್ದರೆ ಚಿಕಿತ್ಸೆಯ ಆಯ್ಕೆಯೇ ಬದಲಾಗಬೇಕು, ಇದಕ್ಕೆ ಆಧಾರವೂ ಇದೆ. ಹೊಸ ರಕ್ತನಾಳ ಬೆಳೆದ ಮುಂದುವರಿದ ಹಂತದಲ್ಲಿ ಬರೀ ಇಂಜೆಕ್ಷನ್ ಪಡೆದು ಆರು ತಿಂಗಳಿಗಿಂತ ಜಾಸ್ತಿ ಕಾಣೆಯಾದವರನ್ನು, ಪರದೆಗೆ ಲೇಸರ್ ಮಾಡಿಸಿಕೊಂಡು ಕಾಣೆಯಾದವರ ಜೊತೆ ಹೋಲಿಸಿದ ಅಧ್ಯಯನವೊಂದು ಅಮೆರಿಕದ ಫಿಲಡೆಲ್ಫಿಯಾದಿಂದ 2019ರಲ್ಲಿ ಬಂತು. ಮರಳಿ ಬಂದಾಗ ಬರೀ ಇಂಜೆಕ್ಷನ್‌ನವರ ಕಣ್ಣು ಜಾಸ್ತಿ ಕೆಟ್ಟಿತ್ತು, ಪರದೆ ಕಿತ್ತುಬಂದ ಪ್ರಕರಣಗಳೂ ಅವರಲ್ಲೇ ಜಾಸ್ತಿ. ಲೇಸರ್ ಹಳೆಯ ಪದ್ಧತಿ, ಆದರೆ ಅದರ ಕೆಲಸ ಉಳಿದುಕೊಳ್ಳುತ್ತದೆ. ಇಂಜೆಕ್ಷನ್ನಿನ ಬಲ ವಾರಗಳ ಲೆಕ್ಕದ್ದು.

‘ಫಲವಿಲ್ಲ’ ಎಂದು ಬಂದರೆ ಮುಂದೇನು

ಎಐ ಪರ ಇರುವವರ ವಾದ ಹೀಗಿದೆ. ಫಲ ಸಿಗದವರನ್ನು ಮೊದಲೇ ಗುರುತಿಸಿದರೆ ಅವರ ದುಡ್ಡು, ಓಡಾಟ ಉಳಿಯುತ್ತದೆ, ಬೇಗ ಬೇರೆ ಚಿಕಿತ್ಸೆಗೆ ಹೋಗಬಹುದು. ತೆಗೆದುಹಾಕುವ ವಾದವೇನಲ್ಲ ಇದು. ಬಹಳ ಕಾಲದ ಬಾವಿನಲ್ಲಿ ವಿಇಜಿಎಫ್ ಜೊತೆ ಉರಿಯೂತದ ಪಾತ್ರವೂ ಇರುತ್ತದೆ. ಅಂಥ ಕಣ್ಣಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ಕಣ್ಣೊಳಗೆ ಇಡುವ ಡೆಕ್ಸಾಮೆಥಾಸೋನ್ ತುಣುಕು ಉಪಯೋಗಕ್ಕೆ ಬರಬಹುದು. ತುಣುಕಿನ ಪರಿಣಾಮ ಕೆಲವು ತಿಂಗಳು ಇರುವುದರಿಂದ ಓಡಾಟ ಕಡಿಮೆ. ಪೊರೆ ಆಪರೇಶನ್ ಆಗಲೇ ಆದವರಿಗೆ ಇದು ಹೆಚ್ಚು ಹೊಂದುತ್ತದೆ, ಯಾಕೆಂದರೆ ಆಗದವರಲ್ಲಿ ಸ್ಟೀರಾಯ್ಡ್ ಪೊರೆಯನ್ನು ಬೇಗ ತರುತ್ತದೆ. ಕಣ್ಣಿನ ಒತ್ತಡ ಏರುವ ಅಪಾಯ ಎಲ್ಲರಿಗೂ ಇದೆ, ಅದನ್ನು ನೋಡುತ್ತಿರಲು ಮತ್ತೆ ಬರಲೇಬೇಕು. ಓಡಾಟ ಪೂರ್ತಿ ತಪ್ಪುವುದಿಲ್ಲ.

ಎದುರು ವಾದ, ಬೇರೆ ದಾರಿ ಕೈಗೆಟುಕದ ಕಡೆ "ಫಲ ಕಡಿಮೆ" ಎಂಬ ಚೀಟಿ ಬರೀ ನಿಲ್ಲಿಸಲು ಒಂದು ನೆಪವಾಗುತ್ತದೆ ಎಂಬುದು. ಖರ್ಚು ಕೊಡುವ ಯೋಜನೆಯೋ ವಿಮೆಯೋ ನಾಳೆ ಆ ಚೀಟಿಯನ್ನೇ ಮುಂದಿಟ್ಟು "ಇವರಿಗೆ ಮಂಜೂರು ಬೇಡ" ಎನ್ನಬಹುದು. ಮನೆಯವರೇ "ಯಂತ್ರಾನೇ ಹೇಳೇದ, ಬಿಡ್ರಿ" ಎನ್ನಬಹುದು. ಅಂಥ ಕಡೆ ಮೇಲಿನ ಲೆಕ್ಕದ 12 ಮಂದಿ ದೃಷ್ಟಿ ಕಳೆದುಕೊಳ್ಳುತ್ತಾರೆ. ಅವರಿಗೆ ಚಿಕಿತ್ಸೆ ಕೊಡದೇ ಇದ್ದದ್ದರಿಂದ ಯಂತ್ರದ ಊಹೆ ತಪ್ಪು ಎಂದು ಯಾರಿಗೂ ಗೊತ್ತಾಗುವುದೂ ಇಲ್ಲ.

ಹಾಗಾದರೆ ಸದ್ಯಕ್ಕೆ ಇಂಥ ಎಐ ಎಲ್ಲಿ ಸಲ್ಲುತ್ತದೆ? ಯಾರನ್ನು ಬೇಗ ಮತ್ತೆ ಕರೆಸಬೇಕು, ಯಾರಿಗೆ ಔಷಧಿ ಬದಲಿಸುವ ಮಾತು ಬೇಗ ಎತ್ತಬೇಕು ಎಂದು ನೆನಪಿಸುವ ಕೆಲಸಕ್ಕೆ. ಕೊಡುವುದೋ ಬೇಡವೋ ಎಂಬ ತೀರ್ಮಾನಕ್ಕಲ್ಲ.

ಸ್ಕ್ಯಾನಿಗೆ ಕಾಣದ ಮೂರು ಸಂಗತಿ

ಬಾವು ಇಳಿಯದಿದ್ದಾಗ ಎಲ್ಲರ ಕಣ್ಣೂ ಔಷಧಿಯ ಮೇಲೆ ಬೀಳುತ್ತದೆ. ಕಾರಣ ಕಣ್ಣಿನ ಹೊರಗೂ ಇರಬಹುದು. ಬಿಪಿ ಹಿಡಿತದಲ್ಲಿಲ್ಲದಿದ್ದರೆ ಸೋರುವ ನಾಳಗಳು ಇನ್ನೂ ಸೋರುತ್ತವೆ. ಕಿಡ್ನಿ ಸೋತು ಮೈಯಲ್ಲಿ ನೀರು ನಿಂತರೆ ಕಾಲು ಊದಿದಂತೆ ಮ್ಯಾಕುಲಾದ ಬಾವೂ ಹೆಚ್ಚಬಹುದು. ಶುಗರಿಗೆ ಕೊಡುವ ಪಯೋಗ್ಲಿಟಜೋನ್ ಮಾತ್ರೆಯೂ ಮೈಯಲ್ಲಿ ನೀರು ನಿಲ್ಲಿಸುವಂಥದ್ದು, ಕೆಲವರಲ್ಲಿ ಬಾವಿಗೆ ಅದೂ ಸೇರುತ್ತದೆ. ಕಣ್ಣಿನ ವೈದ್ಯರು ಮಾತ್ರೆಗಳ ಚೀಟಿ ಕೇಳುವುದು ಇದಕ್ಕೇ. ಚೀಟಿ ನೋಡಿ ಮಾತ್ರೆಯನ್ನು ತಾವೇ ಬಿಡುವುದು ಬೇಡ, ಶುಗರಿಗೆ ತೋರಿಸುವ ವೈದ್ಯರ ಜೊತೆ ಮಾತಾಡಬೇಕು. ಮೂರು ತಿಂಗಳ ಸರಾಸರಿ ಶುಗರ್, ಬಿಪಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಆಗುವ ಮಾಮೂಲು ಪರೀಕ್ಷೆಗಳೇ ಇವು. ಸ್ಕ್ಯಾನ್ ಮಾತ್ರ ನೋಡಿ ಕಲಿತ ಎಐಗೆ ಇವುಗಳ ಸುಳಿವಿಲ್ಲ.

ಪ್ಲಾಸ್ಟಿಕ್ ಕವರಿನ ಹಾಳೆ

ಕಣ್ಣಾಸ್ಪತ್ರೆಗೆ ಬರುವವರ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಕವರ್ ಇರುತ್ತದೆ. ಒಳಗೆ ಹಳೆಯ ಚೀಟಿ, ರಕ್ತ ಪರೀಕ್ಷೆ, ಆಧಾರ್ ಜೆರಾಕ್ಸ್, ನಾಲ್ಕು ಮಡಿಕೆಯಾದ ಓಸಿಟಿ ಪ್ರಿಂಟು. ಆಸ್ಪತ್ರೆ ಬದಲಾದಾಗ ಕವರಿನಲ್ಲಿ ಉಳಿಯುವುದು ಬಹಳ ಸಲ ಕೊನೆಯ ಹಾಳೆ ಮಾತ್ರ. ಹೊಸ ವೈದ್ಯರು ಕೊನೆಯ ಸ್ಕ್ಯಾನಿನಲ್ಲಿ 420 ಎಂಬ ಅಂಕಿ ನೋಡುತ್ತಾರೆ. ಶುರುವಿನಲ್ಲಿ ಅದು 600 ಇತ್ತೇ, 410 ಇತ್ತೇ? 600 ಇದ್ದರೆ ಔಷಧಿ ಕೆಲಸ ಮಾಡುತ್ತಿದೆ, ಮುಂದುವರಿಸಬೇಕು. 410 ಇದ್ದರೆ ಬದಲಿಸುವ ಯೋಚನೆ ಮಾಡಬೇಕು. ಮೊದಲ ಇಂಜೆಕ್ಷನ್ನಿಗೆ ಮುಂಚಿನ ಆ ಒಂದು ಹಾಳೆ ಇಲ್ಲದಿದ್ದರೆ ಎರಡರಲ್ಲಿ ಯಾವುದು ಎಂದು ವೈದ್ಯರೂ ಹೇಳಲಾರರು, ಎಐಯೂ ಹೇಳಲಾರದು. ಅದನ್ನು ಮಗನ ಮೊಬೈಲಿನಲ್ಲಿ ಫೋಟೊ ತೆಗೆದು, ಪಕ್ಕದಲ್ಲಿ ತಾರೀಖು ಮತ್ತು ಹಾಕಿದ ಔಷಧಿಯ ಹೆಸರು ಬರೆದಿಡಲು ಎರಡು ನಿಮಿಷ ಸಾಕು.